ಕೈ ಹೋಗಬೇಕು, ಮೂತಿ ಹೋಗಬಾರದು

ಲಕ್ಷ್ಮೇಶ್ವರದ ಒಂದು ಹೈಸ್ಕೂಲಿಗೆ ನಾನು ಡ್ರಾಯಿಂಗ್ ಮಾಸ್ತರನಾಗಿ ಹೋದದ್ದು ಎಪ್ಪತ್ತರ ದಶಕದ ಕೊನೆಯಲ್ಲಿ. ಬಜಾರದ ಹಿಂದಿನ ಓಣಿಯಲ್ಲಿ ನಾನೂ ನನ್ನ ಹೆಂಡತಿಯೂ ಬಾಡಿಗೆ ಮನೆ ಹಿಡಿದೆವು. ಓಣಿ ಒಳ್ಳೆಯದು, ಜನರೂ ಒಳ್ಳೆಯವರು. ಮೂಲೆಯಲ್ಲಿದ್ದ ಕಸದ ಡಬ್ಬಿಯೊಂದೇ ಕೆಟ್ಟದ್ದು. ಅದು ಡಾಂಬರು ತುಂಬಿ ಬಂದಿದ್ದ ಹಳೆಯ ಡ್ರಮ್ಮು. ರಸ್ತೆ ಕೆಲಸದವರು ಬಿಟ್ಟುಹೋದದ್ದನ್ನು ಯಾರೋ ಅರ್ಧಕ್ಕೆ ಕತ್ತರಿಸಿ ಅಲ್ಲಿ ನಿಲ್ಲಿಸಿದ್ದರು. ಮುಚ್ಚಳವಿರಲಿಲ್ಲ. ಪಕ್ಕಗಳು ತುಕ್ಕು ಹಿಡಿದು ತೂತು ಬಿದ್ದಿದ್ದವು. ವಾರಕ್ಕೆರಡು ಸಲ ಕಸದ ಚಕ್ಕಡಿ ಬರುತ್ತಿತ್ತು. ಅದು ಬರುವುದರೊಳಗೆ ಹಂದಿಗಳು ಡ್ರಮ್ಮನ್ನು ಉರುಳಿಸಿ, ಆಡುಗಳು ಬೇಕಾದದ್ದನ್ನು ಆರಿಸಿಕೊಂಡು, ನಾಯಿಗಳು ಉಳಿದದ್ದನ್ನು ಎಳೆದಾಡಿ, ಎಲ್ಲರ ಮನೆಯ ಕಸವನ್ನೂ ಎಲ್ಲರ ಬಾಗಿಲಿಗೂ ಹಂಚಿರುತ್ತಿದ್ದವು. ಯಾರ ಮನೆಯಲ್ಲಿ ನಿನ್ನೆ ಬದನೆಕಾಯಿ ಪಲ್ಯ, ಯಾರ ಮನೆಯಲ್ಲಿ ಮೆಂತ್ಯೆ ಎಂಬುದು ಓಣಿಗೆಲ್ಲ ಗೊತ್ತಾಗುತ್ತಿತ್ತು.

ಇವುಗಳಿಗೆಲ್ಲ ದೊರೆಯಂತೆ ಒಂದು ಹೋರಿ ಇತ್ತು. ದೇವರಿಗೆ ಬಿಟ್ಟ ಹೋರಿ. ಬಿಳಿ ಮೈ, ಮೋಟು ಕೊಂಬು, ಕುತ್ತಿಗೆಯ ಕೆಳಗೆ ಸೀರೆಯ ನೆರಿಗೆಯಂತೆ ಜೋಲುವ ಗಂಗೆದೊಗಲು. ದೇವರ ಹೋರಿಯಾದ್ದರಿಂದ ಅದನ್ನು ಯಾರೂ ಹೊಡೆಯುವಂತಿರಲಿಲ್ಲ. ಡ್ರಮ್ಮಿನಲ್ಲಿ ತಲೆ ಹಾಕಿ ನಿಂತಿದ್ದರೆ ಹೆಂಗಸರು ಅದರ ಬೆನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು, ಕಸವನ್ನು ಪಕ್ಕದಲ್ಲಿ ಚೆಲ್ಲಿ ಹೋಗುತ್ತಿದ್ದರು.

ನಮ್ಮ ಪಕ್ಕದ ಮನೆಯವರು ಶಿರಹಟ್ಟಿಯ ಕಚೇರಿಯೊಂದರಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಓಣಿಗೆಲ್ಲ ಅವರು ಕಾಕಾ. ಅವರಿಗೆ ಒಬ್ಬಳೇ ಮಗಳು. ಪಿಯುಸಿ ಮುಗಿಸಿ ಮನೆಯಲ್ಲಿದ್ದಳು. ಗಟ್ಟಿ ಹುಡುಗಿ, ಮಾತೂ ಗಟ್ಟಿ. ಅವಳನ್ನು ನೋಡಲು ಒಂದು ಭಾನುವಾರ ಮುಂಡರಗಿಯಿಂದ ವರನ ಕಡೆಯ ಹಿರಿಯರು ಬಂದರು. ವರ ಬಂದಿರಲಿಲ್ಲ. ಮೊದಲು ಹಿರಿಯರು ನೋಡಿ ಹೋಗುವುದು, ಆಮೇಲೆ ಹುಡುಗ. ನೆರೆಯವನೆಂದು ನನ್ನನ್ನೂ ಕರೆದಿದ್ದರು. ಪಡಸಾಲೆಯಲ್ಲಿ ಜಮಖಾನೆ ಹಾಸಿತ್ತು. ವರನ ಸೋದರಮಾವ ತೂಗುಮಂಚದ ಮೇಲೆ ಕುಳಿತು, ತಮ್ಮ ಮನೆತನದ ಸ್ವಚ್ಛತೆ, ಶಿಸ್ತುಗಳ ಬಗ್ಗೆ ಹೇಳುತ್ತಿದ್ದರು. ಹುಡುಗಿ ಶಿರಾ, ಉಪ್ಪಿಟ್ಟಿನ ತಟ್ಟೆ ಹಿಡಿದು ಒಳಬಾಗಿಲಿಗೆ ಬಂದು ನಿಂತಳು.

ಅಷ್ಟರಲ್ಲಿ ಹೊರಬಾಗಿಲ ಚೌಕಟ್ಟಿಗೆ ಗುಡಿಯ ಗಂಟೆಯನ್ನು ಕೊಡಲಿಯಿಂದ ಹೊಡೆದಂತೆ ಸದ್ದಾಯಿತು. ನೋಡಿದರೆ ಹೋರಿ. ಆದರೆ ಅದಕ್ಕೆ ಮುಖವಿರಲಿಲ್ಲ. ಮುಖವಿರಬೇಕಾದಲ್ಲಿ ಡ್ರಮ್ಮು ಇತ್ತು. ತಳದ ತುಕ್ಕಿನ ತೂತಿನಲ್ಲಿ ಒಂದು ಕೊಂಬು ಸಿಕ್ಕಿಕೊಂಡು, ತಲೆ ಹೊರಗೆ ಬಾರದೆ, ಕಣ್ಣು ಕಾಣದೆ, ಪಾಪ, ಅದು ಮನೆ ಮನೆಯ ಗೋಡೆ ತಡವುತ್ತ ಬಂದು ತೆರೆದಿದ್ದ ಬಾಗಿಲಲ್ಲಿ ನುಗ್ಗಿತ್ತು. ಒಂದೊಂದು ಹೆಜ್ಜೆಗೂ ಡ್ರಮ್ಮಿನೊಳಗಿನಿಂದ ಈರುಳ್ಳಿ ಸಿಪ್ಪೆ, ಶೇಂಗಾ ಸಿಪ್ಪೆ ಜಮಖಾನೆಯ ಮೇಲೆ ಉದುರುತ್ತಿದ್ದವು. ಮುಂಡರಗಿಯ ಹಿರಿಯರು ನಾಲ್ವರೂ ತೂಗುಮಂಚ ಹತ್ತಿ ನಿಂತರು. ನಾಲ್ವರ ಭಾರಕ್ಕೆ ಅದು ತೂಗತೊಡಗಿತು. ಮುಂದೆ ತೂಗಿದಾಗ ಹೋರಿಯ ಹತ್ತಿರ ಹೋಗುತ್ತಿದ್ದರು, ಹಿಂದೆ ತೂಗಿದಾಗ ಗೋಡೆಗೆ ಬಡಿಯುತ್ತಿದ್ದರು.

ಹುಡುಗಿ ತಟ್ಟೆಯನ್ನು ನನ್ನ ಕೈಗೆ ಕೊಟ್ಟಳು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹೋರಿಯ ಬಳಿ ಹೋಗಿ, ಅದರ ಕುತ್ತಿಗೆ ತಟ್ಟಿ, "ನಿಂದ್ರೋ ನಮ್ಮಪ್ಪ, ನಿಂದ್ರು" ಎಂದು, ಡ್ರಮ್ಮನ್ನು ಎರಡೂ ಕೈಯಿಂದ ಹಿಡಿದು ಅರ್ಧ ತಿರುವಿದಳು. ಕೊಂಬು ಬಿಟ್ಟುಕೊಂಡಿತು. ಹೋರಿ ಹೊರಗಿನ ಬೆಳಕು ನೋಡಿ, ನನ್ನ ಕೈಯಲ್ಲಿದ್ದ ತಟ್ಟೆ ನೋಡಿ, ಶಿರಾಕ್ಕೆ ಬಾಯಿ ಹಾಕಿತು. ದೇವರ ಹೋರಿ. ನಾನು ಬೇಡವೆನ್ನಲಾದೀತೇ?

ಹಿರಿಯರು ಕೆಳಗಿಳಿದರು. ಹುಡುಗಿಯ ಹೊಸ ಸೀರೆಯ ಮೇಲೆ ನಿನ್ನೆಯ ಸಾರು ಹರಿದಿತ್ತು. "ತಿಳಸ್ತೀವ್ರಿ" ಎಂದರು ಸೋದರಮಾವ, ಚಪ್ಪಲಿ ಹುಡುಕುತ್ತ.

ಬಸ್ಸಿಗೆ ಅವರನ್ನು ಬಿಟ್ಟುಬಂದ ಕಾಕಾ ಸೀದಾ ನಮ್ಮ ಮನೆಗೆ ಬಂದರು. ಕೂಡಲಿಲ್ಲ.

"ಮಾಸ್ತರ, ನೀವು ಡ್ರಾಯಿಂಗ್ ಮಾಸ್ತರೋ ಅಲ್ಲೋ?"

"ಹೌದ್ರಿ ಕಾಕಾ."

"ಸಾಲ್ಯಾಗ ಆನಿ ತೆಗಸ್ತೀರಿ, ಕುದರಿ ತೆಗಸ್ತೀರಿ. ಆ ಆನಿ ಕುದರಿ ಬಾಯಿ ಹಾಕದಂಥಾ ಒಂದು ಕಸದ ಡಬ್ಬಿ ತೆಗ್ಯಾಕ ಬರೂದಿಲ್ಲೇನು ನಿಮಗ?"

ಆ ಮಾತು ನನಗೆ ನಾಟಿತು. ಅಂದೇ ಡ್ರಾಯಿಂಗ್ ಹಾಳೆ ಹಚ್ಚಿ, ಟಿ-ಸ್ಕ್ವೇರ್ ಇಟ್ಟು, ಮುಂದಿನಿಂದ, ಪಕ್ಕದಿಂದ, ಮೇಲಿನಿಂದ ಹೀಗೆ ಮೂರು ನೋಟಗಳಲ್ಲಿ ಒಂದು ಡಬ್ಬಿ ಬಿಡಿಸಿದೆ. ಕಲ್ಲಿನ ಕಟ್ಟೆಯ ಮೇಲೆ ತಗಡಿನ ಪೆಟ್ಟಿಗೆ, ಅಡಿಯಲ್ಲಿ ಕಬ್ಬಿಣದ ಮೊಳೆ ಹೊಡೆದು ಭದ್ರ, ಮೇಲೆ ಮುಚ್ಚಳ, ಮುಚ್ಚಳಕ್ಕೆ ಕೊಂಡಿ, ಚಿಲಕ. ಹಂದಿ ಉರುಳಿಸುವಂತಿಲ್ಲ, ಹೋರಿ ತೆರೆಯುವಂತಿಲ್ಲ. ಓಣಿಯವರು ಹಾಳೆ ನೋಡಿ ತಲೆದೂಗಿದರು.

ಬಜಾರದಲ್ಲಿ ಟ್ರಂಕು ಮಾಡುವ ಒಬ್ಬ ಚಾಚಾ ಇದ್ದರು. ಸುತ್ತಲಿನ ಊರುಗಳಲ್ಲಿ ಮದುವೆಯಾದ ಹೆಣ್ಣುಮಕ್ಕಳೆಲ್ಲ ಅವರ ಟ್ರಂಕು ಹೊತ್ತೇ ಗಂಡನ ಮನೆಗೆ ಹೋದವರು. ಹಾಳೆಯನ್ನು ಅವರು ತಲೆಕೆಳಗಾಗಿ ಹಿಡಿದು ಬಹಳ ಹೊತ್ತು ನೋಡಿದರು.

"ಸೀರಿ ಇಡೋ ಟ್ರಂಕು ಮಾಡೀನ್ರಿ ಮಾಸ್ತರ್, ಕಾಗದಪತ್ರ ಇಡೋ ಟ್ರಂಕು ಮಾಡೀನಿ. ಕಸಾ ಇಡೋ ಟ್ರಂಕು ಯಾರೂ ಕೇಳಿದ್ದಿಲ್ಲ. ಇರ್ಲಿ. ಹೂವು ಯಾವ ಬಣ್ಣದ್ದು ಹಾಕ್ಲಿ?"

"ಹೂವು ಬ್ಯಾಡ ಚಾಚಾ. ಕಸದ ಡಬ್ಬಿ ಅದು."

"ಹೂವು ಇಲ್ಲದ ಟ್ರಂಕು ನನ್ನ ದುಕಾನ ಬಿಟ್ಟು ಹೋಗೂದಿಲ್ರಿ. ನೋಡಿದವ್ರು ಏನಂದಾರು?"

ಹೀಗೆ ನಮ್ಮ ಓಣಿಯ ಮೂಲೆಗೆ ಗುಲಾಬಿ ಹೂವಿನ ಕಸದ ಡಬ್ಬಿ ಬಂತು. ಹೋರಿ ಬಂದು ಮೂಸಿತು, ತಲೆಯಿಂದ ಗುದ್ದಿತು, ಹೋಯಿತು. ನಾವು ಚಹಾ ಕುಡಿದು ಸಂಭ್ರಮಿಸಿದೆವು.

ನಾಲ್ಕನೆಯ ದಿನ ನೋಡಿದರೆ ಡಬ್ಬಿಯ ಸುತ್ತ ಮೊಣಕಾಲೆತ್ತರ ಕಸ. ಮುಚ್ಚಳದ ಮೇಲೂ ಕಸ. ಚಿಲಕ ತೆಗೆದು ಒಳಗೆ ಬಗ್ಗಿ ನೋಡಿದೆ. ಒಳಗೆ ಒಂದು ಸಿಪ್ಪೆಯೂ ಇರಲಿಲ್ಲ. ಅಷ್ಟು ಸ್ವಚ್ಛವಾದ ಕಸದ ಡಬ್ಬಿಯನ್ನು ನಾನು ಆ ಮೊದಲೂ ಆಮೇಲೂ ನೋಡಿಲ್ಲ. ನನಗೆ ಸಿಟ್ಟು ಬಂತು. ಓಣಿಯ ಜನಕ್ಕೆ ಬುದ್ಧಿಯಿಲ್ಲ, ಒಂದು ಚಿಲಕ ತೆಗೆಯಲು ಸೋಮಾರಿತನ ಎಂದು ಕಟ್ಟೆಯ ಮುಂದೆಯೇ ನಿಂತು ಭಾಷಣ ಮಾಡಿದೆ. ಕಾಕಾರ ಮಗಳು ನೀರಿನ ಕೊಡ ಹೊತ್ತು ಅಲ್ಲೇ ಹೋಗುತ್ತಿದ್ದಳು.

"ಸರ್, ಒಂದು ಮಾತು ಕೇಳ್ಲೇನ್ರಿ?"

"ಕೇಳು ತಂಗಿ."

"ನೀವು ಯಾವತ್ತರ ಕಸಾ ಚೆಲ್ಲೀರೇನ್ರಿ?"

ನಾನು ಎಂದೂ ಚೆಲ್ಲಿರಲಿಲ್ಲ. ಗದಗಿನಲ್ಲಿದ್ದಾಗ ನನ್ನ ತಾಯಿ ಚೆಲ್ಲುತ್ತಿದ್ದಳು, ಇಲ್ಲಿ ನನ್ನ ಹೆಂಡತಿ.

ಮರುದಿನ ಬೆಳಿಗ್ಗೆ ನಾನೇ ಕಸದ ಬುಟ್ಟಿ ಎತ್ತಿಕೊಂಡೆ. ಹೆಂಡತಿ ಗಾಬರಿಯಾದಳು. "ಏನ್ರೀ ಇದು? ನಾ ಏನ್ ತಪ್ಪು ಮಾಡ್ದೆ?" ಎಂದಳು. ಓಣಿಯಲ್ಲಿ ಗಂಡಸು ಕಸ ಹೊತ್ತು ಹೋದದ್ದನ್ನು ಯಾರೂ ನೋಡಿರಲಿಲ್ಲ. ಎರಡು ಮನೆಯವರು ಬಂದು, ಗಂಡ ಹೆಂಡತಿ ಜಗಳವಾದರೆ ಒಳಗೇ ಮುಗಿಸಿಕೊಳ್ಳಬೇಕು, ಬುಟ್ಟಿ ಹೊರುವತನಕ ಹೋಗಬಾರದು ಎಂದು ಬುದ್ಧಿ ಹೇಳಿದರು. ಹೆಂಡತಿ ಮೂರು ದಿನ ತಲೆ ತಗ್ಗಿಸಿಕೊಂಡು ನೀರಿಗೆ ಹೋದಳು.

ಆದರೆ ಆ ಒಂದು ವಾರದಲ್ಲಿ ನನಗೆ ಗೊತ್ತಾದದ್ದು ಬಹಳ. ಕಸ ಚೆಲ್ಲುವ ಹೆಂಗಸಿಗೆ ಎರಡು ಕೈ ಖಾಲಿ ಇರುವುದೇ ಇಲ್ಲ. ಒಂದು ಕೈಯಲ್ಲಿ ಬುಟ್ಟಿಯಾದರೆ ಇನ್ನೊಂದರಲ್ಲಿ ಕೊಡ, ಇಲ್ಲವೇ ಕೂಸು. ನನ್ನ ಚಿಲಕ ತೆಗೆಯಬೇಕಾದರೆ ಬುಟ್ಟಿಯನ್ನು ನೆಲಕ್ಕಿಡಬೇಕು. ನೆಲಕ್ಕಿಟ್ಟ ಬುಟ್ಟಿಗೆ ಹೋರಿ ಬಾಯಿ ಹಾಕುತ್ತಿತ್ತು. ಅದು ಅಲ್ಲೇ ಅದಕ್ಕಾಗಿಯೇ ಕಾದು ನಿಲ್ಲುತ್ತಿತ್ತು. ಇನ್ನು ಸ್ನಾನ ಮಾಡಿದವರು ಕಸದ ಮುಚ್ಚಳ ಮುಟ್ಟುವುದಿಲ್ಲ. ಮಧ್ಯಾಹ್ನ ಯಾರೂ ಮುಟ್ಟುವುದಿಲ್ಲ. ನಮ್ಮ ಕಡೆಯ ಏಪ್ರಿಲ್ ಬಿಸಿಲಿಗೆ ತಗಡು ರೊಟ್ಟಿ ಹಂಚಿನಂತೆ ಕಾದಿರುತ್ತಿತ್ತು. ನಾನು ಒಮ್ಮೆ ಮುಟ್ಟಿ, ಎರಡು ಬೆರಳಿಗೆ ಹೆಂಡತಿಯಿಂದ ಬೆಣ್ಣೆ ಹಚ್ಚಿಸಿಕೊಂಡೆ. ಆಗ ಅವಳಿಗೂ ಸಮಾಧಾನವಾಯಿತು.

ಎರಡನೆಯ ಡಬ್ಬಿಗೆ ಕೈಯೇ ಬೇಡವೆಂದು ತೀರ್ಮಾನಿಸಿದೆ. ಕಾಲಿನಿಂದ ತುಳಿದರೆ ಮುಚ್ಚಳ ಏಳಬೇಕು. ಚಾಚಾ ಹಳೆಯ ಸೈಕಲ್ಲಿನ ಪೆಡಲ್ಲು, ಒಂದು ಸಲಾಕೆ, ಮುಚ್ಚಳ ತಿರುಗಲು ಎರಡು ಬಿಜಾಗ್ರಿ ಹಾಕಿ ಅದನ್ನು ಮಾಡಿಕೊಟ್ಟರು. ಗುಲಾಬಿಯ ಜೊತೆ ಈ ಸಲ ಒಂದು ಗಿಳಿಯೂ ಇತ್ತು. ಪೆಡಲ್ ತುಳಿದ ಕೂಡಲೇ ಮುಚ್ಚಳ ಬಾಯಿ ತೆರೆಯಿತು. ಕಾಲು ತೆಗೆದರೆ ಮುಚ್ಚಿತು. ಓಣಿ ಹುಚ್ಚೆದ್ದಿತು. ಕಸವಿಲ್ಲದವರೂ ಬಂದು ತುಳಿದು ಹೋದರು. ಕಾಕಾ ದಿನಕ್ಕೆ ಐದಾರು ಸಲ, ಸುಮ್ಮನೆ ವಾಯುವಿಹಾರಕ್ಕೆಂಬಂತೆ ಬಂದು, ಯಾರೂ ಇಲ್ಲವೆಂದು ನೋಡಿ, ಒಮ್ಮೆ ತುಳಿಯುತ್ತಿದ್ದರು.

ಒಂದು ಸಂಜೆ ಹೋರಿ ಡಬ್ಬಿಯ ಮೂಲೆಗೆ ಕುತ್ತಿಗೆ ತುರಿಸಿಕೊಳ್ಳುತ್ತ ನಿಂತಿತ್ತು. ಹಾಗೇ ಕಾಲು ಬದಲಿಸಿತು. ಗೊರಸು ಪೆಡಲ್ಲಿನ ಮೇಲೆ ಬಿತ್ತು. ಮುಚ್ಚಳ ಎದ್ದಿತು. ಹೋರಿ ಬೆಚ್ಚಿ ಹಿಂದೆ ಸರಿಯಿತು; ಮುಚ್ಚಳ ಬಿತ್ತು. ಹೋರಿ ಡಬ್ಬಿಯನ್ನು ನೋಡಿತು. ಕಾಲನ್ನು ನೋಡಿಕೊಂಡಿತು ಎಂದು ನಾನು ಹೇಳಿದರೆ ನೀವು ನಂಬಲಿಕ್ಕಿಲ್ಲ, ಆದರೆ ನನ್ನ ಮನೆಯ ಕಟ್ಟೆಯ ಮೇಲೆ ಕುಳಿತು ನಾನೇ ಕಂಡದ್ದು. ಮತ್ತೆ ಮುಂದೆ ಬಂದು ತುಳಿಯಿತು.

ನಾವು ಹದಿನೈದು ದಿನ ತಲೆ ಕೆಡಿಸಿಕೊಂಡು ಮಾಡಿದ್ದನ್ನು ಅದು ಹದಿನೈದು ನಿಮಿಷದಲ್ಲಿ ಕಲಿಯಿತು. ಆಡುಗಳ ಭಾರಕ್ಕೆ ಪೆಡಲ್ಲು ಇಳಿಯುತ್ತಿರಲಿಲ್ಲ. ಅವು ಸಾಲಾಗಿ ಹೋರಿಯ ದಾರಿ ಕಾಯತೊಡಗಿದವು. ಹೋರಿ ಬಂದು ತುಳಿದು ನಿಂತರೆ, ಹೋರಿಯದೊಂದು ತಲೆ, ಆಡುಗಳವು ಮೂರು ತಲೆ ಡಬ್ಬಿಯೊಳಗೆ. ಚಾಚಾರನ್ನು ಕರೆದು ತೋರಿಸಿದೆ. ಅವರು ಗಡ್ಡ ನೀವಿಕೊಂಡು ಬಹಳ ಹೊತ್ತು ನೋಡಿ, "ಮಾಸ್ತರ್, ಜಾನವಾರ ಶ್ಯಾಣ್ಯಾ ಐತ್ರಿ" ಎಂದರು. ನನಗಿಂತ ಜಾಣ ಎಂದು ಅವರು ಹೇಳಲಿಲ್ಲ. ಅವರದು ದೊಡ್ಡ ಮನಸ್ಸು.

ಅಷ್ಟರಲ್ಲಿ ಮುಂಡರಗಿಯಿಂದ ಪತ್ರ ಬಂತು. ಹುಡುಗ ತಾನೇ ಬಂದು ಕನ್ಯೆ ನೋಡುತ್ತಾನಂತೆ, ಮುಂದಿನ ಭಾನುವಾರ. ಆ ಸಂಬಂಧ ಮುಗಿದೇಹೋಯಿತೆಂದು ತಿಳಿದಿದ್ದ ಕಾಕಾರಿಗೆ ಆಶ್ಚರ್ಯ, ಭಯ ಎರಡೂ ಆಯಿತು. "ಮಾಸ್ತರ, ಈ ಸಲ ಹೋರಿ ಬಂತಂದ್ರ ನನ್ನ ಮಗಳು ಮನ್ಯಾಗ ಉಳೀತಾಳ ನೋಡ್ರಿ" ಎಂದರು. ಹುಡುಗಿ ಒಳಗಿನಿಂದಲೇ, "ಉಳದ್ರ ಉಳೀತೀನಿ ಬಿಡ್ರಿ ಅಪ್ಪಾ" ಎಂದಳು.

ವಾರದೊಳಗೆ ಮೂರನೆಯ ಡಬ್ಬಿ ಆಗಬೇಕಿತ್ತು. ನಾನು ಅಂಚೆ ಪೆಟ್ಟಿಗೆಯನ್ನು ನೋಡಿ ಒಂದು ಉಪಾಯ ಮಾಡಿದೆ. ಅಂಚೆ ಪೆಟ್ಟಿಗೆಯಿಂದ ಯಾವ ಹೋರಿಯೂ ಪತ್ರ ತಿಂದದ್ದಿಲ್ಲ. ಎದೆಯೆತ್ತರಕ್ಕೆ ಸಣ್ಣ ಬಾಯಿ, ಬಾಯಿಯ ಮೇಲೆ ಸೂರಿನಂಥ ತಗಡು. ಚಾಚಾರ ಬಳಿ ಮಿಕ್ಕಿದ್ದದ್ದು ಕೆಂಪು ಬಣ್ಣ ಮಾತ್ರ. ಶನಿವಾರ ಅದನ್ನು ನಿಲ್ಲಿಸಿದೆವು. ಭಾನುವಾರ ಬೆಳಿಗ್ಗೆ, ಸೊರಟೂರಿನಿಂದ ನೆಂಟರ ಮನೆಗೆ ಬಂದಿದ್ದ ಒಬ್ಬ ಮುದುಕರು ಅದರಲ್ಲಿ ತಮ್ಮ ಮಗನಿಗೆ ಬರೆದ ಕಾರ್ಡು ಹಾಕಿಬಿಟ್ಟರು. ಅದನ್ನು ತೆಗೆಯಲು ನಾನು ಕಸ ತೆಗೆಯಲು ಡಬ್ಬಿಯ ಹಿಂದೆ ಇಟ್ಟಿದ್ದ ಬಾಗಿಲಿನಿಂದ ಭುಜದತನಕ ಕೈ ಹಾಕಿ ಕುಳಿತಿದ್ದಾಗ ಮುಂಡರಗಿಯ ಮಂದಿ ಬಂದರು.

ಸೋದರಮಾವ ನನ್ನನ್ನು ಗುರುತು ಹಿಡಿದು, ದೂರದಿಂದಲೇ ನಮಸ್ಕಾರ ಮಾಡಿ, ಒಳಗೆ ಹೋದರು. ಅವರ ಹಿಂದಿದ್ದ ಹುಡುಗ ಹೋಗಲಿಲ್ಲ. ಮುಂಡರಗಿಯ ಕಡೆ ಹತ್ತಿ ಜಿನ್ನಿಂಗ್ ಕಾರ್ಖಾನೆಯಲ್ಲಿ ಫಿಟ್ಟರ್ ಎಂದು ಕಾಕಾ ಹೇಳಿದ್ದರು. ತೆಳ್ಳಗಿನ ಹುಡುಗ, ಉಗುರಿನ ಸಂದಿಯಲ್ಲಿ ತೊಳೆದರೂ ಹೋಗದ ಗ್ರೀಸು. ಅವನು ಡಬ್ಬಿಯ ಸುತ್ತ ಒಂದು ಸುತ್ತು ಹಾಕಿದ.

"ಬಾಯಿ ಸಣ್ಣದಾತಲ್ರಿ. ಬುಟ್ಟಿ ಹೆಂಗ ಸುರೀತಾರ?"

ಸುರಿಯಲು ಬರುತ್ತಿರಲಿಲ್ಲ. ಅರ್ಧ ಕಸ ಮುಂದೆ ಬೀಳುತ್ತಿತ್ತು, ನಾನು ನೋಡಿಯೂ ನೋಡದಂತಿದ್ದೆ. ನಾನು ಏನೋ ಹೇಳಲು ಹೊರಟಾಗ ಕಾಕಾರ ಮನೆಯ ಕಿಟಕಿಯಿಂದ ದನಿ ಬಂತು.

"ಬಾಯಿ ದೊಡ್ಡದು ಮಾಡಿದ್ರ ಹೋರಿ ತಲಿ ಹಾಕತೈತ್ರಿ."

ಹುಡುಗ ಕಿಟಕಿಯ ಕಡೆ ತಿರುಗಿದ. "ಹೋರಿ ತಲಿಯಿಂದ ಡ್ರಮ್ಮು ತಗದೋರು ನೀವೇನ್ರಿ?"

"ಹೌದ್ರಿ."

"ನಮ್ಮ ಮಾವ ಮನ್ಯಾಗ ದಿನಾ ಅದನ್ನ ಹೇಳ್ತಾನ್ರಿ. ಹೆಂಗ ತಗದ್ರಿ?"

"ತಿರುವಿ ತಗದ್ನಿ. ನಟ್ಟು ಬಿಚ್ಚಿದಂಗ."

ಹುಡುಗ ಗಾಳಿಯಲ್ಲೇ ಎರಡೂ ಕೈ ಅರ್ಧ ತಿರುವಿ ನೋಡಿದ. ಅವನ ಮುಖ ನೋಡಿದವನು ನಾನೊಬ್ಬನೇ. ಮದುವೆ ಅಲ್ಲೇ ನಿಶ್ಚಯವಾಯಿತೆಂದು ನಾನು ಇವತ್ತಿಗೂ ಹೇಳುತ್ತೇನೆ.

ಅವಳು ಹೊರಗೆ ಬಂದಳು. ಅವನು ನನ್ನ ಮನೆಯ ಸುಣ್ಣದ ಗೋಡೆಯ ಮೇಲೆ ಇದ್ದಲಿಯಿಂದ ಬರೆಯತೊಡಗಿದ. ಬೀಜ ಬಿಡಿಸುವ ಜಿನ್ ಯಂತ್ರದಲ್ಲಿ ಹತ್ತಿ ಹಾಕುವ ಬಾಯಿ ಅಗಲವಾಗಿರುತ್ತದಂತೆ, ಆದರೆ ಕೈ ಒಳಗಿನ ಯಂತ್ರಕ್ಕೆ ತಗುಲುವುದಿಲ್ಲವಂತೆ. "ಬಾಯಿ ಇರಬೇಕು, ಒಳಗ ದಾರಿ ಇರಬಾರದು" ಎಂದ. ಡಬ್ಬಿಯ ಮುಖಕ್ಕೆ ಮೊರದಂಥ ಅಗಲ ತಗಡು. ಹಿಡಿಕೆ ಹಿಡಿದು ಎಳೆದರೆ ಮೊರ ಮುಂದಕ್ಕೆ ಬಾಗುತ್ತದೆ. ಬುಟ್ಟಿ ಅದರಲ್ಲಿ ಸುರಿಯುವುದು. ಮೊರ ಮುಂದೆ ಬಂದಾಗ ಅದರ ಬೆನ್ನೇ ಒಳಗಿನ ದಾರಿಯನ್ನು ಮುಚ್ಚಿರುತ್ತದೆ. ಕೈ ಬಿಟ್ಟರೆ ಹಿಂದೆ ಕಟ್ಟಿದ ಭಾರಕ್ಕೆ ತಾನೇ ಹಿಂದಕ್ಕೆ ವಾಲಿ, ಕಸವನ್ನು ಒಳಗೆ ಚೆಲ್ಲಿಕೊಂಡು ಮುಚ್ಚುತ್ತದೆ.

"ಹಿಡಿಕಿ ಎಲ್ಲಿ ಇಡ್ತೀರಿ?" ಎಂದಳು ಅವಳು.

"ಮುಂದ."

"ಅದು ನಾಲಿಗಿ ಸುತ್ತಿ ಎಳೀತೈತ್ರಿ. ನಮ್ಮ ಹಿತ್ತಲ ಬಾಗಲಾ ಹಂಗ ತಗೀತೈತಿ."

"ಹಂಗಾದ್ರ?"

ಅವಳು ಇದ್ದಲಿ ಇಸಿದುಕೊಂಡು, ಅವನ ಚಿತ್ರದ ಹಿಡಿಕೆಯ ಮೇಲೊಂದು ಗೂಡು ಬರೆದಳು. ಮೇಲೆ, ಮುಂದೆ, ಎರಡೂ ಪಕ್ಕ ಮುಚ್ಚಿದ ಗೂಡು. ಕೆಳಗೆ ಮಾತ್ರ ತೆರಪು. "ಕೆಳಗಿಂದ ಕೈ ಹಾಕಿ ಹಿಡೀಬೇಕು. ಕೈ ಹೋಗಬೇಕು, ಮೂತಿ ಹೋಗಬಾರದು."

ಅವಳು ಬರೆದ ಗೆರೆ ಸೊಟ್ಟಗಿತ್ತು. ನಾನು ಡ್ರಾಯಿಂಗ್ ಮಾಸ್ತರನಲ್ಲವೇ, ಮಧ್ಯೆ ಹೋಗಿ ಅದನ್ನು ನೆಟ್ಟಗೆ ಮಾಡಿದೆ. ಇಬ್ಬರೂ ನನ್ನನ್ನು ನೋಡಿದ ರೀತಿಯಿಂದ, ಅಲ್ಲಿ ನನ್ನ ಕೆಲಸ ಅಷ್ಟೇ ಇತ್ತೆಂದು ತಿಳಿದು ಹಿಂದೆ ಸರಿದೆ.

ಒಳಗೆ ಉಪ್ಪಿಟ್ಟು ಆರಿಹೋಗಿತ್ತು. ಕಾಕಾ ಮೂರು ಸಲ ಬಾಗಿಲಿಗೆ ಬಂದು ಇಣುಕಿದರು. ನಾಲ್ಕನೆಯ ಸಲ ತಡೆಯಲಾರದೆ, "ಏನ್ರಪಾ, ಕನ್ಯಾ ನೋಡಾಕ ಬಂದೀರೋ, ಡಬ್ಬಿ ನೋಡಾಕ ಬಂದೀರೋ?" ಎಂದರು. ಹುಡುಗ ನಾಚಿಕೊಂಡು ಒಳಗೆ ಹೋದ. ಅಂದು ಹೋರಿ ಬರಲಿಲ್ಲ. ಬಂದಿದ್ದರೂ ಯಾರೂ ಗಮನಿಸುತ್ತಿರಲಿಲ್ಲ.

ಗೋಡೆಯ ಮೇಲಿನ ಚಿತ್ರವನ್ನು ನಾನು ಅಳತೆ ಹಾಕಿ ಹಾಳೆಗಿಳಿಸಿದೆ. ಚಾಚಾ ಈ ಸಲ ಹಾಳೆ ನೆಟ್ಟಗೆ ಹಿಡಿದರು. ಹಿಂದಿನ ಭಾರಕ್ಕೆ ತಮ್ಮ ಹಳೆಯ ತಕ್ಕಡಿಯ ಒಂದು ಕಲ್ಲು ಕಟ್ಟಿದರು. ಕಾದ ತಗಡು ಕೈಗೆ ತಗುಲಬಾರದೆಂದು ಹಿಡಿಕೆಗೆ ಕಟ್ಟಿಗೆ ಬೇಕಿತ್ತು. ನನ್ನ ಹೆಂಡತಿ ಒಳಗೆ ಹೋಗಿ ತನ್ನ ಹಳೆಯ ಲಟ್ಟಣಿಗೆ ತಂದುಕೊಟ್ಟಳು. ಕಟ್ಟೆಯ ಮೇಲೆ ಡಬ್ಬಿ ನಿಂತ ದಿನ ಓಣಿಯವರೆಲ್ಲ ತಮ್ಮ ತಮ್ಮ ಬಾಗಿಲಲ್ಲಿ ನಿಂತು ಕಾದರು. ಮೊದಲು ಬಂದದ್ದು ಎದುರುಮನೆಯ ಅಜ್ಜಿ. ಒಂದು ಕಂಕುಳಲ್ಲಿ ಮೊಮ್ಮಗ, ಇನ್ನೊಂದರಲ್ಲಿ ಬುಟ್ಟಿ. ಬುಟ್ಟಿಯನ್ನು ಕಂಕುಳಲ್ಲೇ ಅವುಚಿಕೊಂಡು, ಎರಡು ಬೆರಳಿನಿಂದ ಎಳೆದಳು. ಮೊರ ಬಾಗಿತು. ಅದರ ಅಂಚಿಗೆ ಮೊಣಕೈ ಒತ್ತಿಟ್ಟು ಸುರಿದಳು, ಬಿಟ್ಟಳು. ಕಸ ಒಳಗೆ ಹೋದ ಸದ್ದು ಕೇಳಿ ಮೊಮ್ಮಗ ನಕ್ಕು, ಇನ್ನೊಮ್ಮೆ ಮಾಡು ಎಂದು ಅಳತೊಡಗಿದ.

ಆಮೇಲೆ ಹೋರಿ ಬಂತು. ಮೂಸಿತು. ಗುದ್ದಿತು. ಪೆಡಲ್ಲು ಹುಡುಕಿ ಕಾಲಿನಿಂದ ನೆಲ ಕೆರೆಯಿತು. ಗೂಡಿನ ಮೇಲೆ, ಪಕ್ಕ, ಮುಂದೆ ನೆಕ್ಕಿತು. ಕೆಳಗಿನಿಂದ ಮೂತಿ ಹಾಕಲು ಹೋಗಿ, ಕುತ್ತಿಗೆ ತಿರುಚಿ, ಕೊನೆಗೆ ಮಂಡಿಯೂರಿಯೂ ನೋಡಿತು. ದೇವರ ಹೋರಿ ಕಸದ ಡಬ್ಬಿಗೆ ಮಂಡಿಯೂರಿದ್ದನ್ನು ನೋಡಿ ಅಜ್ಜಿ ಕೈಮುಗಿದಳು. ಸಂಜೆಯತನಕ ಪ್ರಯತ್ನ ಮಾಡಿ ಅದು ಪಕ್ಕದ ಓಣಿಗೆ ಹೋಯಿತು. ಮೂರು ದಿನದ ಮೇಲೆ ಪಕ್ಕದ ಓಣಿಯ ಹಿರಿಯರು ಜಗಳಕ್ಕೆ ಬಂದರು. ನಮ್ಮ ಪಾಲಿನ ಹೋರಿಯನ್ನು ಅವರ ಮೇಲೆ ಬಿಟ್ಟಿದ್ದೇವಂತೆ. ಚಾಚಾರ ದುಕಾನದ ದಾರಿ ತೋರಿಸಿ ಕಳಿಸಿದೆವು. ವರ್ಷ ತುಂಬುವುದರೊಳಗೆ ಚಾಚಾ ಇನ್ನೂ ನಾಲ್ಕು ಓಣಿಗೆ ಅಂಥ ಡಬ್ಬಿ ಮಾಡಿಕೊಟ್ಟರು. ಇತ್ತ ನಮ್ಮ ಓಣಿಯ ಹೆಂಗಸರಿಗೆ ದೇವರ ಹೋರಿಯನ್ನು ಉಪವಾಸ ಕೆಡವಿದ ಪಾಪ ತಟ್ಟೀತೆಂದು ಭಯವಾಗಿ, ಮನೆಗೊಂದು ಬಿಸಿ ರೊಟ್ಟಿಯಂತೆ ಕೈಯಾರೆ ತಿನ್ನಿಸತೊಡಗಿದರು. ಅದು ಮೊದಲಿಗಿಂತ ದಪ್ಪವಾಯಿತು.

ಮದುವೆ ಆ ಬೇಸಿಗೆಯಲ್ಲೇ ಆಯಿತು. ಸೋದರಮಾವ ತೂಗುಮಂಚದ ಮೇಲೆ ಮಾತ್ರ ಕೂಡಲಿಲ್ಲ.

ಎಂಬತ್ತರ ದಶಕದ ನಡುವೆ ನನಗೆ ಬೆಟಗೇರಿಗೆ ವರ್ಗವಾಯಿತು. ಮೂರ್ನಾಲ್ಕು ವರ್ಷದ ಮೇಲೆ ಕಾಕಾರನ್ನು ನೋಡಲು ಲಕ್ಷ್ಮೇಶ್ವರಕ್ಕೆ ಹೋದಾಗ ಓಣಿಯ ಮೂಲೆಯಲ್ಲಿ ಸ್ವಲ್ಪ ಹೊತ್ತು ನಿಂತೆ. ಡಬ್ಬಿಯ ಬಣ್ಣ ಹೋಗಿತ್ತು, ಒಂದು ಬಿಜಾಗ್ರಿ ಮುರಿದು ತಂತಿ ಕಟ್ಟಿದ್ದರು. ನಾನು ಅರಿಯದ ಇಬ್ಬರು ಹೆಣ್ಣುಮಕ್ಕಳು ಬಂದರು. ಯಾರದೋ ಸೊಸೆಯ ವಿಷಯ ಮಾತಾಡುತ್ತಿದ್ದರು. ಒಬ್ಬಳು ಅತ್ತ ನೋಡದೆಯೇ ಕೆಳಗಿನಿಂದ ಕೈ ಹಾಕಿ ಎಳೆದು, ಸುರಿದು, ಬಿಟ್ಟು, "ಆಮ್ಯಾಲೆ ಏನಾತ?" ಎಂದು ಕೇಳುತ್ತ ಮುಂದೆ ಹೋದಳು. ಮಾತು ಒಂದು ಕ್ಷಣವೂ ನಿಲ್ಲಲಿಲ್ಲ. ನನಗೆ ಬಹಳ ಸಂತೋಷವಾಯಿತು.